ಹಿತ್ತಲು: ಸ್ವಾವಲಂಬನೆಯ ಮೊದಲ ಪಾಠ

ವೈದ್ಯವೃತ್ತಿಯನ್ನು ಆರಂಭಿಸಿದಂದಿನಿಂದ ಇಂದಿನವರೆಗೆ ನಾನು ಬರೆದ ಔಷಧಚೀಟಿಗಳಲ್ಲಿ ಅತಿ ಹೆಚ್ಚು ಬಾರಿ ಬರೆದ ಮಾತು ಯಾವುದೆಂದು ಯಾರಾದರೂ ಕೇಳಿದರೆ, ಯಾವುದೋ ಚೂರ್ಣದ ಅಥವಾ ಕಷಾಯದ ಹೆಸರನ್ನು ಹೇಳಲಾರೆ. “ದಿನವೂ ಸೊಪ್ಪು, ತರಕಾರಿ ಸೇವಿಸುವುದು” ಎಂಬುದೇ ಆ ಮಾತು. ಮೂವತ್ತೈದು ವರ್ಷಗಳಿಂದ ಇದನ್ನು ಚೀಟಿಯ ಕೊನೆಯಲ್ಲಿ ಬರೆಯುತ್ತ ಬಂದೆ. ಬರೆದು ಕೊಟ್ಟೊಡನೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ.

ಮೂರು ವರ್ಷಗಳ ಹಿಂದಿನ ಶ್ರಾವಣದಲ್ಲಿ ಇಪ್ಪತ್ತೆಂಟರ ಹರೆಯದ ಒಬ್ಬ ತಾಯಿ ನನ್ನ ಚಿಕಿತ್ಸಾಲಯಕ್ಕೆ ಬಂದರು. ಹೊಲದಲ್ಲಿ ಕಳೆ ತೆಗೆಯುತ್ತಿರುವಾಗ ತಲೆಸುತ್ತಿ ಬಿದ್ದಿದ್ದರು. ಕಣ್ಣಿನ ಒಳರೆಪ್ಪೆ ಬಿಳಿಚಿತ್ತು, ಉಗುರು ಸಪ್ಪೆಯಾಗಿತ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2 ಗ್ರಾಂ ಎಂದು ಬಂದಿತು. ವಯಸ್ಕ ಮಹಿಳೆಗೆ ಅದು 12ಕ್ಕಿಂತ ಕಡಿಮೆ ಇರಬಾರದು. ನಾನು ಎಂದಿನಂತೆ ಚೀಟಿ ಬರೆದು, ಕೊನೆಯ ಸಾಲನ್ನು ಓದಿ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

“ತಪ್ಪಲ ಪಲ್ಯಾ ತಿನ್ನು ಅಂತ ಬರದ ಕೊಡ್ತೀರಿ ಖರೆ, ಎಲ್ಲಿಂದ ತರ್ಲಿ ಹೇಳ್ರಿ ಡಾಕ್ಟರ? ಸಂತಿ ವಾರಕ್ಕೊಮ್ಮೆ. ತಂದದ್ದು ಎರಡ ದಿನಕ್ಕ ಬಾಡತೈತಿ. ಉಳದ ದಿನಾ ಖಾರಾ-ರೊಟ್ಟಿನರೀ.”

“ಯಾಕವ್ವಾ, ನಿಮ್ಮ ಹಿತ್ತಲದಾಗ ದೊಡ್ಡ ನುಗ್ಗಿಗಿಡ ಇತ್ತಲ್ಲ?” ಎಂದೆ.

“ಕಡದ್ರರೀ. ಫರಸಿ ಹಾಸೂ ಮುಂದ, ಕಸಾ ಬೀಳ್ತೈತಿ ಅಂತ ಕಡಿಸಿದ್ರು.”

ಆ ಮಾತಿಗೆ ನಾನು ಉತ್ತರ ಕೊಡಲಾಗಲಿಲ್ಲ. ಏಕೆಂದರೆ ಅದಕ್ಕೂ ಎರಡು ವರ್ಷ ಮೊದಲು, ಮಳೆಗಾಲದಲ್ಲಿ ಕಂಬಳಿಹುಳದ ಕಾಟವೆಂದು ನನ್ನ ಮನೆಯ ಹಿತ್ತಲಿನ ನುಗ್ಗೆಮರವನ್ನೂ ನಾನೇ ಕಡಿಸಿದ್ದೆ. ಸೊಪ್ಪು ತಿನ್ನಿರೆಂದು ಊರಿಗೆಲ್ಲ ಹೇಳುವ ವೈದ್ಯನ ಮನೆಗೂ ಸೊಪ್ಪು ಸಂತೆಯಿಂದಲೇ ಬರುತ್ತಿತ್ತು. ಅಂದಿನಿಂದ ಈ ವಿಷಯವನ್ನು ಮತ್ತೆ ಮೊದಲಿನಿಂದ ಯೋಚಿಸತೊಡಗಿದೆ. ಆ ಯೋಚನೆಯ ಫಲವನ್ನೂ, ಮೂರು ವರ್ಷಗಳ ಅಭ್ಯಾಸದ ಅನುಭವವನ್ನೂ ಸದ್ಭಕ್ತ ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಹಿಂದಿನ ಹಿತ್ತಲು

ನಮ್ಮ ಬಾಲ್ಯದ ಮನೆಗಳಲ್ಲಿ ಸ್ವಾವಲಂಬನೆ ಎಂಬ ಪದವನ್ನು ಯಾರೂ ಬಳಸುತ್ತಿರಲಿಲ್ಲ. ಆದರೆ ಅದರ ಬದುಕು ಮನೆಯ ಹಿಂದೆಯೇ ಇತ್ತು. ಬಚ್ಚಲ ನೀರು ಹರಿದು ಹೋಗುವಲ್ಲಿ ಎರಡು ಬಾಳೆಗಿಡ, ಅವುಗಳ ಬುಡದಲ್ಲಿ ಕೆಸು. ಗೋಡೆಗೆ ಹಬ್ಬಿದ ಅವರೆ, ಹೀರೆ. ತಿಪ್ಪೆಯ ಅಂಚಿನಲ್ಲಿ ತಾನೇ ಹುಟ್ಟಿ ಬೆಳೆದ ಕುಂಬಳ. ಮೂಲೆಯಲ್ಲಿ ನುಗ್ಗೆ, ಕರಿಬೇವು, ನಿಂಬೆ. ಹೊಲದಲ್ಲಿ ಜೋಳದ ನಡುವೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಮಡಕೆ, ಅಲಸಂದೆ. ಹಿಂಗಾರಿನ ಹೊಲದ ಬದುವಿನಲ್ಲಿ ಯಾರೂ ಬಿತ್ತದೆ ಬೆಳೆಯುವ ಹಕ್ಕರಕಿ, ಕಿರಕಸಾಲಿ. ಹೊಲದಿಂದ ಮರಳುವ ತಾಯಂದಿರ ಸೆರಗಿನಲ್ಲಿ ಆ ದಿನದ ಪಲ್ಯ ಇರುತ್ತಿತ್ತು. ಕಾಳು ಹಗೇವಿನಲ್ಲಿಯೂ ವಾಡೇವಿನಲ್ಲಿಯೂ ಭದ್ರವಾಗಿತ್ತು.

ಇದನ್ನು ಹೇಳುವಾಗ ಹಿಂದಿನ ಕಾಲವನ್ನು ಅತಿಯಾಗಿ ಹೊಗಳುವುದು ಸರಿಯಲ್ಲ. 1972ರ ಬರಗಾಲವನ್ನು ಕಂಡವರಿಗೆ ಹಸಿವೆ ಏನೆಂಬುದು ಗೊತ್ತು. ಹೆರಿಗೆಯಲ್ಲಿ ತಾಯಂದಿರೂ, ಭೇದಿಯಲ್ಲಿ ಕೂಸುಗಳೂ ಸಾಯುತ್ತಿದ್ದ ದಿನಗಳವು. ಇಂದಿನ ಲಸಿಕೆ, ಆಸ್ಪತ್ರೆ, ಪಡಿತರಗಳು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಹೊಸದನ್ನು ಪಡೆಯುವ ಭರದಲ್ಲಿ ಕಳೆದುಕೊಳ್ಳಬೇಕಾಗಿರದ ಒಂದನ್ನು ನಾವು ಕಳೆದುಕೊಂಡೆವು. ಮನೆ ಕಟ್ಟುವಾಗ ಸ್ನಾನದ ಕೋಣೆ, ದೇವರ ಕೋಣೆ, ವಾಹನ ನಿಲ್ಲಿಸುವ ಜಾಗವೆಲ್ಲವನ್ನೂ ಯೋಚಿಸಿದೆವು. ಹಿತ್ತಲಿನ ಮಣ್ಣನ್ನು ಮಾತ್ರ ಕಸವೆಂದು ತಿಳಿದು ಸಿಮೆಂಟಿನಿಂದ ಮುಚ್ಚಿದೆವು.

ಆಯುರ್ವೇದದ ದೃಷ್ಟಿ

ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಚರಕಸಂಹಿತೆಯು ಶರೀರವನ್ನು ಆತು ಹಿಡಿಯುವ ಮೂರು ಉಪಸ್ತಂಭಗಳೆಂದು ಹೇಳುತ್ತದೆ. ಮೂರರಲ್ಲಿ ಮೊದಲನೆಯದು ಆಹಾರ. ಆ ಆಹಾರವು ದೇಶಕ್ಕೂ ಕಾಲಕ್ಕೂ ಹೊಂದಿಕೊಂಡಿರಬೇಕೆಂಬ ವಿಚಾರವನ್ನು ‘ಸಾತ್ಮ್ಯ’ ಎಂಬ ಪದದಿಂದ ನಮ್ಮ ಆಚಾರ್ಯರು ವಿವರಿಸಿದ್ದಾರೆ. ನಾವು ಹುಟ್ಟಿ ಬೆಳೆದ ನೆಲದಲ್ಲಿ, ಆಯಾ ಋತುವಿನಲ್ಲಿ ಬೆಳೆಯುವ ಪದಾರ್ಥವು ನಮ್ಮ ಜಠರಾಗ್ನಿಗೆ ಪರಿಚಿತವಾದುದು. ಹಿತ್ತಲಿನಲ್ಲಿ ಬೆಳೆದದ್ದನ್ನು ಉಣ್ಣುವವನಿಗೆ ಋತುಚರ್ಯೆಯನ್ನು ಬೇರೆ ಪುಸ್ತಕ ಓದಿ ಕಲಿಯಬೇಕಾಗಿಲ್ಲ. ಮಳೆಗಾಲಕ್ಕೆ ಹೀರೆ, ಚಳಿಗಾಲಕ್ಕೆ ಮೆಂತ್ಯ ಮತ್ತು ಅವರೆ, ಬೇಸಿಗೆಗೆ ಸೌತೆ ಮತ್ತು ನಿಂಬೆ: ಗಿಡವೇ ಅದನ್ನು ಕಲಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸೊಪ್ಪನ್ನು ಬೇಯಿಸಿ, ನೀರು ಹಿಂಡಿ, ಸ್ನೇಹದ್ರವ್ಯವನ್ನು ಅಂದರೆ ತುಪ್ಪ ಅಥವಾ ಎಣ್ಣೆಯನ್ನು ಸೇರಿಸಿ ತಿನ್ನಬೇಕೆಂದು ಪ್ರಾಚೀನ ಗ್ರಂಥಗಳು ಹೇಳುತ್ತವೆ. ಹಿಂಡಿ ತೆಗೆದ ನೀರಿನಲ್ಲಿ ಜೀವಸತ್ವಗಳು ಹೋಗುತ್ತವೆಂದು ಆಧುನಿಕ ಪೌಷ್ಟಿಕಶಾಸ್ತ್ರ ಹೇಳುತ್ತದೆ. ಎರಡೂ ನಿಜ. ಇವೆರಡನ್ನೂ ನಮ್ಮ ಅಡುಗೆಮನೆ ಎಂದೋ ಹೊಂದಿಸಿದೆ. ಬೇಯಿಸಿದ ಸೊಪ್ಪು ಒಗ್ಗರಣೆಯೊಂದಿಗೆ ಪಲ್ಯವಾಗುತ್ತದೆ. ಬಸಿದ ನೀರು ಕಟ್ಟಿನ ಸಾರಾಗುತ್ತದೆ. ಜೀರ್ಣಕ್ಕೂ ಹಿತ, ಸತ್ವವೂ ನಷ್ಟವಾಗದು. ಸೊಪ್ಪಿನಲ್ಲಿರುವ ‘ಎ’ ಜೀವಸತ್ವದ ಮೂಲಾಂಶವು ಮೈಗೆ ಹತ್ತಲು ಕೊಬ್ಬಿನ ಅಂಶ ಬೇಕು. ಆದ್ದರಿಂದ ಆ ಒಂದು ಚಮಚ ಒಗ್ಗರಣೆ ರುಚಿಗಷ್ಟೇ ಇರುವುದೆಂದು ತಿಳಿಯಬಾರದು.

ಸೊಪ್ಪಿನ ಶಕ್ತಿ, ಸೊಪ್ಪಿನ ಮಿತಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 65.5. ಅಂದರೆ ನಮ್ಮ ಜಾತ್ರೆಯಲ್ಲಿ ಪ್ರಸಾದದ ಪಂಕ್ತಿಗೆ ಕುಳಿತ ತಾಯಂದಿರಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಆಯುರ್ವೇದವು ‘ಪಾಂಡು’ ಎಂದು ವರ್ಣಿಸಿದ ವ್ಯಾಧಿಯ ಲಕ್ಷಣಗಳು ಇವರಲ್ಲಿ ಕಾಣುತ್ತವೆ: ಬಿಳಿಚುವಿಕೆ, ದಣಿವು, ಎದೆಬಡಿತ, ಅರುಚಿ.

ಹಾಗಾದರೆ ನುಗ್ಗೆಸೊಪ್ಪು ತಿಂದರೆ ಇದು ವಾಸಿಯಾಗುವುದೇ? ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಸುಮಾರು 4.5 ಮಿಲಿಗ್ರಾಂ ಕಬ್ಬಿಣಾಂಶವೂ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವೂ ಇವೆ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದೆ. ಒಂದು ಹಿಡಿ ಸೊಪ್ಪು, ಅಂದರೆ 50 ಗ್ರಾಂ, ಎರಡು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಅದರಲ್ಲಿಯೂ ಮೈಗೆ ಹತ್ತುವುದು ಚಿಕ್ಕ ಪಾಲು. ಸರಕಾರ ಉಚಿತವಾಗಿ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಆದುದರಿಂದ ರಕ್ತ ಈಗಾಗಲೇ ಕಡಿಮೆಯಾಗಿರುವವರು ಮಾತ್ರೆಯನ್ನು ಬಿಟ್ಟು ಸೊಪ್ಪನ್ನು ನಂಬಿ ಕೂರಬಾರದು. ಬತ್ತಿದ ಬಾವಿಯನ್ನು ತುಂಬಿಸುವುದು ಮಾತ್ರೆಯ ಕೆಲಸ. ಅದು ಮತ್ತೆ ಬತ್ತದಂತೆ ಕಾಯುವುದು ನಿತ್ಯದ ಊಟದ ಕೆಲಸ.

ಆ ನಿತ್ಯದ ಊಟದಲ್ಲಿ ಸೊಪ್ಪು ಒಂಟಿಯಾಗಿ ಬರುವುದಿಲ್ಲ. ಸಜ್ಜೆಯ ರೊಟ್ಟಿ, ಮಡಕೆಕಾಳಿನ ಉಸುಳಿ, ರಾಜಗಿರಿ ಪಲ್ಯ, ಗುರೆಳ್ಳಿನ ಚಟ್ನಿ ಇವೆಲ್ಲ ಸೇರಿ ಕಬ್ಬಿಣದ ಲೆಕ್ಕವನ್ನು ಮೇಲೆತ್ತುತ್ತವೆ. ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅದರ ‘ಸಿ’ ಜೀವಸತ್ವವು ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊಟದೊಡನೆಯೋ ಊಟವಾದ ಕೂಡಲೇಯೋ ಚಹಾ ಕುಡಿದರೆ ಆ ಲಾಭ ನಷ್ಟವಾಗುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿರಲಿ. ಕಬ್ಬಿಣದ ಬಾಣಲೆಯಲ್ಲಿ ಪಲ್ಯ ಮಾಡುವ ಹಳೆಯ ರೂಢಿಯೂ ಒಳ್ಳೆಯದು.

ನಮ್ಮಂತಹ ಸಸ್ಯಾಹಾರಿ ಮನೆತನದವರು ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. ಬಿ-12 ಎಂಬ ಜೀವಸತ್ವ ಯಾವ ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ಸಾಕಷ್ಟು ಸಿಗುವುದಿಲ್ಲ. ಹಾಲು, ಮೊಸರು, ಮಜ್ಜಿಗೆಗಳೇ ನಮಗೆ ಆಧಾರ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ, ಮಕ್ಕಳಿಗೆ ಕರಿ ಚಹಾ ಕುಡಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಹಣದ ಅವಶ್ಯಕತೆಯನ್ನು ಬಲ್ಲೆ. ಆದರೂ ಮೊದಲ ಲೋಟ ಮನೆಯ ಮಕ್ಕಳಿಗೂ ತಾಯಂದಿರಿಗೂ ಸಲ್ಲಲಿ. ಪಾದಗಳಲ್ಲಿ ಜುಮುಜುಮು, ನಾಲಿಗೆ ಉರಿ, ಮರೆವು ಕಾಣಿಸಿದರೆ ಬಿ-12 ಪರೀಕ್ಷೆ ಮಾಡಿಸಬೇಕು.

ಎಷ್ಟು ನೆಲ, ಎಷ್ಟು ನೀರು?

“ಡಾಕ್ಟರೇ, ನಮಗೆ ಜಾಗವಿಲ್ಲ” ಎನ್ನುವವರೇ ಹೆಚ್ಚು. ಲೆಕ್ಕ ಹಾಕಿ ನೋಡೋಣ. 10 ಅಡಿ ಉದ್ದ, 11 ಅಡಿ ಅಗಲದ ನೆಲದಲ್ಲಿ ಮೂರಡಿ ಅಗಲದ ಮೂರು ಮಡಿಗಳನ್ನು ಮಾಡಿ, ನಡುವೆ ಒಂದೊಂದು ಅಡಿ ದಾರಿ ಬಿಡಬಹುದು. ರಾಜಗಿರಿ, ಮೆಂತ್ಯದಂತಹ ಸೊಪ್ಪು ಬಿತ್ತಿದ 25-30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಒಂದು ಮಡಿಯಿಂದ ತಿಂಗಳಿಗೆ ಎರಡೂವರೆ, ಮೂರು ಕಿಲೊ ಸೊಪ್ಪು ಬರುವುದನ್ನು ನನ್ನ ಹಿತ್ತಲಿನಲ್ಲಿ ತೂಗಿ ನೋಡಿದ್ದೇನೆ. ಮೂರು ಮಡಿಗೆ ಎಂಟು, ಒಂಬತ್ತು ಕಿಲೊ. ಐವರ ಸಂಸಾರದಲ್ಲಿ ತಲೆಗೆ ದಿನಕ್ಕೆ 50-60 ಗ್ರಾಂ. ಇದರ ಮೇಲೆ ನುಗ್ಗೆ, ಬಸಳೆ, ಬೇಲಿಯ ಬಳ್ಳಿಗಳು ಸೇರಿದರೆ ಸೊಪ್ಪಿಗಾಗಿ ಸಂತೆಯ ದಾರಿ ಕಾಯಬೇಕಾಗಿಲ್ಲ.

ಇಡೀ ದಿನಕ್ಕೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದೆಲ್ಲವೂ ಇಷ್ಟು ಚಿಕ್ಕ ಹಿತ್ತಲಿನಿಂದ ಬಾರದು. ಬದನೆ, ಗಜ್ಜರಿ, ಉಳ್ಳಾಗಡ್ಡಿಗಳನ್ನು ಸಂತೆಯಿಂದ ತರಬಹುದು. ಅವು ವಾರವಿಡೀ ಕೆಡದೆ ಇರುತ್ತವೆ. ಬೇಗ ಬಾಡುವುದನ್ನು ಮನೆಯಲ್ಲಿ ಬೆಳೆಯುವುದು, ಬಾಳಿಕೆ ಬರುವುದನ್ನು ಕೊಳ್ಳುವುದು: ಇದೇ ಸಣ್ಣ ಹಿತ್ತಲಿನ ಸೂತ್ರ.

ಮೂರು ಮಡಿಗಳನ್ನೂ ಒಂದೇ ದಿನ ಬಿತ್ತುವುದು ಎಲ್ಲರೂ ಮಾಡುವ ತಪ್ಪು. ಆಗ ಒಂದು ವಾರ ಸೊಪ್ಪೇ ಸೊಪ್ಪು, ಆಮೇಲೆ ಮೂರು ವಾರ ಏನೂ ಇಲ್ಲ, ಬೇಸರಗೊಂಡು ಕೈಬಿಡುತ್ತಾರೆ. ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಮೊದಲನೆಯದು ಮುಗಿಯುವಾಗ ಎರಡನೆಯದು ಸಿದ್ಧವಾಗಿರುತ್ತದೆ. ಎರೆಮಣ್ಣಿನಲ್ಲಿ ನೀರು ನಿಲ್ಲುವುದರಿಂದ ಮಡಿಯನ್ನು ಅರ್ಧ ಅಡಿ ಎತ್ತರಿಸಿ, ತಿಪ್ಪೆಗೊಬ್ಬರ ಬೆರೆಸಬೇಕು. ನೆಲವೇ ಇಲ್ಲದ ಪಟ್ಟಣದ ಭಕ್ತರು ಒಡೆದ ಬಕೆಟ್ಟು, ಹಳೆಯ ಗೊಬ್ಬರದ ಚೀಲಗಳಲ್ಲಿ ಮಾಳಿಗೆಯ ಮೇಲೆ ಮೆಂತ್ಯ, ಕೊತ್ತಂಬರಿ, ದೊಡ್ಡಪತ್ರೆ ಬೆಳೆಯಬಹುದು. ಚೀಲಕ್ಕೆ ತಳದಲ್ಲಿ ತೂತುಗಳಿರಬೇಕು. ಕೀಟನಾಶಕ ತುಂಬಿದ್ದ ಡಬ್ಬಿಗಳನ್ನು ಎಂದಿಗೂ ಬಳಸಬಾರದು.

ಇನ್ನು ನೀರು. ಈ ಮಡಿಗಳಿಗೆ ದಿನಕ್ಕೆ ಮೂರ್ನಾಲ್ಕು ಕೊಡ ನೀರು ಸಾಕು. ಐವರು ಸ್ನಾನ ಮಾಡಿದ ನೀರೇ ನೂರು ಲೀಟರಿನಷ್ಟಾಗುತ್ತದೆ. ಆ ಬಚ್ಚಲ ನೀರನ್ನು ಬಾಳೆ, ಪಪ್ಪಾಯಿ, ನುಗ್ಗೆಗಳಿಗೆ ಹರಿಸಿ, ಅಕ್ಕಿ ಮತ್ತು ತರಕಾರಿ ತೊಳೆದ ನೀರನ್ನು ಸೊಪ್ಪಿನ ಮಡಿಗೆ ಹಾಕಬೇಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗಳಿಗೆ ಬಚ್ಚಲ ನೀರು ಬೇಡ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ 500 ಚದರಡಿ ಮಾಳಿಗೆಯಿಂದ ಸೋರಿಹೋಗುವುದನ್ನು ಕಳೆದೂ ಇಪ್ಪತ್ತು ಸಾವಿರ ಲೀಟರಿಗೆ ಮಿಕ್ಕಿ ನೀರು ಹಿಡಿಯಬಹುದು. ಆದರೆ ಕೂಡಿಟ್ಟ ನೀರಿಗೆ ಮುಚ್ಚಳ ಕಡ್ಡಾಯ. ಡೆಂಗ್ಯೂ ಹರಡುವ ಸೊಳ್ಳೆ ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ತಿಕ್ಕಿ ಒಣಗಿಸಬೇಕು.

ಮೊದಲು ಏನನ್ನು ನೆಡಬೇಕು?

ಮೊದಲನೆಯ ಗಿಡ ನುಗ್ಗೆಯೇ ಆಗಲಿ. ಮೃಗಶಿರಾ, ಆರಿದ್ರಾ ಮಳೆಗಳ ಕಾಲದಲ್ಲಿ ಬೀಜ ಊರಿದರೆ ನಾಲ್ಕು ತಿಂಗಳಿಗೆ ಸೊಪ್ಪು ಕೈಗೆ ಬರುತ್ತದೆ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ನಮ್ಮ ಭಾಗಕ್ಕೆ ಒಗ್ಗಿದುದು. ಗಿಡ ಮೂರಡಿಯಾದಾಗ ಕುಡಿ ಚಿವುಟಿದರೆ ಕವಲೊಡೆದು ಕೈಗೆಟಕುವ ಎತ್ತರದಲ್ಲಿಯೇ ನಿಲ್ಲುತ್ತದೆ. ಮಳೆಗಾಲದ ಕಂಬಳಿಹುಳಗಳು ಹಗಲಿನಲ್ಲಿ ಕಾಂಡದ ಮೇಲೆ ಗುಂಪಾಗಿ ಕುಳಿತಿರುತ್ತವೆ. ಆಗ ಸಾಬೂನಿನ ನೀರು ಎರಚಿ ಕೆಳಗೆ ಬೀಳಿಸಿ, ಕೈಗೆ ತಾಗದಂತೆ ಬಾಚಿ ಹೂಳಬಹುದು. ಇಷ್ಟು ಸುಲಭದ ಉಪಾಯವಿರುವಾಗ ನಾನು ಮರವನ್ನೇ ಕಡಿಸಿದ್ದೆನಲ್ಲ ಎಂಬ ಪಶ್ಚಾತ್ತಾಪ ಇಂದಿಗೂ ಇದೆ.

ಎರಡನೆಯದು ಕರಿಬೇವು, ಮೂರನೆಯದು ನಿಂಬೆ, ನಾಲ್ಕನೆಯದು ಪಪ್ಪಾಯಿ. ಬಳ್ಳಿಗಳಲ್ಲಿ ಬಸಳೆ, ಹೀರೆ, ಅವರೆ. ಮಡಿಗಳಲ್ಲಿ ರಾಜಗಿರಿ, ಮೆಂತ್ಯ, ಪಾಲಕ, ಪುಂಡಿ, ಸಬ್ಬಸಿಗೆ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಪಾಲಕ, ರಾಜಗಿರಿಗಳನ್ನು ಮಿತವಾಗಿ ಬಳಸಬೇಕು. ಹೇನು, ಹುಳು ಕಂಡಲ್ಲಿ ಒಂದು ಲೀಟರು ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಅರೆದು, ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿದರೆ ಸಾಕು. ಹೊಲಕ್ಕೆ ತಂದ ಔಷಧದಲ್ಲಿ ಉಳಿದದ್ದನ್ನು ಹಿತ್ತಲಿಗೆ ಹೊಡೆಯುವ ಕೆಟ್ಟ ರೂಢಿ ಬೇಡ. ಅದು ಮರುದಿನವೇ ನಮ್ಮ ತಟ್ಟೆಗೆ ಬರುತ್ತದೆ.

ಮಣ್ಣಿನಲ್ಲಿ ಕೆಲಸ ಮಾಡುವವರಿಗೆ ವೈದ್ಯನಾಗಿ ಒಂದು ಎಚ್ಚರಿಕೆ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ತೂರಿ ಒಳಸೇರಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ರಕ್ತ ಹೆಚ್ಚಿಸಲೆಂದು ಸೊಪ್ಪು ಬೆಳೆಯಹೋಗಿ ರಕ್ತ ಕಳೆದುಕೊಳ್ಳುವಂತಾಗಬಾರದು. ಹಿತ್ತಲಿಗೆ ಇಳಿಯುವಾಗ ಚಪ್ಪಲಿ ಇರಲಿ. ಬಯಲುಶೌಚ ಸಂಪೂರ್ಣ ನಿಲ್ಲಲಿ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಮಾತ್ರೆಯನ್ನು ಮಕ್ಕಳಿಗೆ ತಪ್ಪದೆ ಕೊಡಿಸಿರಿ. ಗುದ್ದಲಿ, ಕುಡುಗೋಲು ತಾಗಿದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ.

ಕೂಡಿಡುವ ವಿದ್ಯೆ

ಬೆಳೆಯುವುದು ಅರ್ಧ ವಿದ್ಯೆ; ಕೆಡದಂತೆ ಕಾಯುವುದು ಉಳಿದರ್ಧ. ನುಗ್ಗೆಸೊಪ್ಪು ಹೇರಳವಾದಾಗ ತೊಳೆದು, ನೆರಳಿನಲ್ಲಿ ತೆಳುವಾಗಿ ಹರವಿ, ಗರಿಗರಿಯಾದ ಮೇಲೆ ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಬೇಸಿಗೆಯಲ್ಲಿ ಸಾರಿಗೂ ರೊಟ್ಟಿಯ ಹಿಟ್ಟಿಗೂ ಒಂದೊಂದು ಚಮಚ ಸೇರಿಸಬಹುದು. ಬಿಸಿಲಿನಲ್ಲಿ ಒಣಗಿಸಿದರೆ ಬಣ್ಣವೂ ಸತ್ವವೂ ಕುಂದುತ್ತವೆ. ಮೆಂತ್ಯ, ಪುಂಡಿಗಳನ್ನೂ ಹೀಗೆಯೇ ಒಣಗಿಸಬಹುದು. ಬಲಿತ ಕುಂಬಳಕಾಯಿ ತೊಟ್ಟು ಮುರಿಯದಂತೆ ಕೊಯ್ದು ನೇತುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಕಾಳುಗಳನ್ನು ಚೆನ್ನಾಗಿ ಒಣಗಿಸಿ, ಬೇವಿನೆಲೆಯೊಂದಿಗೆ ತುಂಬಿಡುವುದು ನಮ್ಮ ಅಜ್ಜಿಯರ ಕ್ರಮ. ಬೀಜದ ಕಾಳಿಗೆ ಬೂದಿ ಬೆರೆಸುವುದೂ ಉಂಟು.

ಇಲ್ಲಿಯೂ ಒಂದು ಎಚ್ಚರ ಬೇಕು. ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳವನ್ನು “ಹಾಳಾಗಬಾರದು” ಎಂದು ಹುರಿದು ಬಳಸುವವರಿದ್ದಾರೆ. ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಯಕೃತ್ತಿಗೆ ಅದು ಶತ್ರು. ದನಕರುಗಳಿಗೂ ಹಾಕದೆ ಹೂಳಿಬಿಡಬೇಕು.

ಪ್ರತಿ ಬೆಳೆಯಲ್ಲಿಯೂ ಅತ್ಯುತ್ತಮವಾದ ಎರಡು ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡಿರಿ. ನನ್ನ ಬಾಲ್ಯದ ಮನೆಯಲ್ಲಿ ಬೀಜದ ಗಂಟು ಅಜ್ಜಿಯ ಬಳಿಯೇ ಇರುತ್ತಿತ್ತು. ಹೆಣ್ಣುಮಗಳು ತವರಿನಿಂದ ಹೊರಡುವಾಗ ಅದರಿಂದ ಒಂದು ಹಿಡಿ ಅವಳ ಉಡಿ ಸೇರುತ್ತಿತ್ತು. ಬೀಜ ಮನೆಯಲ್ಲಿರುವವನಿಗೆ ಮುಂದಿನ ಹಂಗಾಮಿನ ಭಯ ಅರ್ಧ ಕಡಿಮೆ.

ಮನೆಮದ್ದಿನ ಗಿಡಗಳು

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆ, ಹತ್ತಿರವಿರುವುದನ್ನು ಕಡೆಗಣಿಸುವ ನಮ್ಮ ಸ್ವಭಾವವನ್ನು ಕುರಿತದ್ದು. ಹಿತ್ತಲಿನಲ್ಲಿ ತುಳಸಿ, ದೊಡ್ಡಪತ್ರೆ, ಒಂದೆಲಗ, ಲೋಳೆಸರ, ಆಡುಸೋಗೆ ಈ ಐದು ಇದ್ದರೆ ಸಾಮಾನ್ಯ ತೊಂದರೆಗಳಿಗೆ ಸಾಕು. ನೆಗಡಿ, ಕೆಮ್ಮಿಗೆ ದೊಡ್ಡಪತ್ರೆಯ ಎರಡು ಎಲೆಗಳನ್ನು ಹಂಚಿನ ಮೇಲೆ ಬಾಡಿಸಿ, ರಸ ಹಿಂಡಿ ಜೇನಿನೊಡನೆ ಕೊಡಬಹುದು. ಆದರೆ ಒಂದು ವರ್ಷದೊಳಗಿನ ಕೂಸಿಗೆ ಜೇನು ನಿಷಿದ್ಧ. ಚಿಕ್ಕ ಸುಟ್ಟ ಗಾಯವನ್ನು ಮೊದಲು ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿದು, ಬಳಿಕ ಲೋಳೆಸರದ ತಿರುಳನ್ನು ಲೇಪಿಸಬಹುದು. ಒಂದೆಲಗದ ತಂಬುಳಿ ಬೇಸಿಗೆಗೆ ಹಿತ. ಗರ್ಭಿಣಿಯರು ಆಡುಸೋಗೆಯನ್ನೂ ಲೋಳೆಸರವನ್ನೂ ಹೊಟ್ಟೆಗೆ ತೆಗೆದುಕೊಳ್ಳಬಾರದು.

ಅಮೃತಬಳ್ಳಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕೋವಿಡ್ ಕಾಲದಲ್ಲಿ ಸಿಕ್ಕಸಿಕ್ಕ ಬಳ್ಳಿಯನ್ನು ಕುದಿಸಿ ತಿಂಗಳುಗಟ್ಟಲೆ ಕುಡಿದವರಿದ್ದಾರೆ. ಅದರಂತೆಯೇ ಕಾಣುವ, ಕಾಂಡದ ತುಂಬ ಗಂಟುಗಂಟಾಗಿರುವ ಬೇರೊಂದು ಬಳ್ಳಿ ಇದೆ. ಅದು ಯಕೃತ್ತಿಗೆ ಹಾನಿ ಮಾಡಬಲ್ಲದು. ನಿಜವಾದ ಅಮೃತಬಳ್ಳಿಯೂ ಎಲ್ಲರಿಗೂ, ಎಲ್ಲ ಕಾಲಕ್ಕೂ ಸಲ್ಲುವ ಮದ್ದಲ್ಲ. ಚಕ್ರಮುನಿ ಸೊಪ್ಪು ಪಲ್ಯಕ್ಕೆ ಒಳ್ಳೆಯದೇ. ಆದರೆ 1990ರ ದಶಕದಲ್ಲಿ ತೈವಾನಿನಲ್ಲಿ ಮೈ ಇಳಿಸಲೆಂದು ಅದರ ಹಸಿರಸವನ್ನು ವಾರಗಟ್ಟಲೆ ಕುಡಿದವರ ಶ್ವಾಸಕೋಶಗಳು ಶಾಶ್ವತವಾಗಿ ಹಾಳಾದವು. ಹಿತವಾದುದೂ ಮಿತ ತಪ್ಪಿದರೆ ಅಹಿತ.

ಸ್ವಾವಲಂಬನೆಯ ಎಲ್ಲೆ

ಐವತ್ತು ದಾಟಿದ ಒಬ್ಬ ರೈತರು ನನ್ನ ಹಳೆಯ ಪರಿಚಯಸ್ಥರು. ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ತಾವೇ ಬೆಳೆದ ಹಾಗಲಕಾಯಿಯ ರಸ, ಮೆಂತ್ಯಕಾಳಿನ ನೀರು ಆರಂಭಿಸಿ, “ಇನ್ನ ಪ್ಯಾಟಿ ಔಷಧದ ಹಂಗು ಬ್ಯಾಡ” ಎಂದು ಮಾತ್ರೆ ಬಿಟ್ಟರು. ನನಗೂ ತಿಳಿಸಲಿಲ್ಲ. ನಾಲ್ಕು ತಿಂಗಳ ಬಳಿಕ ಕಾಲಿನ ಹುಣ್ಣಿನೊಂದಿಗೆ ಬಂದರು. ನೋವೇ ಇರಲಿಲ್ಲವಾದ್ದರಿಂದ ಅವರು ಅದನ್ನು ಲಕ್ಷಿಸಿರಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಕಳಿಸಿದೆ. ಕಾಲು ಉಳಿಯಿತು, ಎರಡು ಬೆರಳುಗಳು ಹೋದವು. ಹಾಗಲಕಾಯಿಯ ದೋಷ ಅದರಲ್ಲಿ ಏನೂ ಇಲ್ಲ. ಊಟವನ್ನು ಔಷಧಕ್ಕೆ ನೆರವಾಗಿಸುವ ಬದಲು ಅದರ ಸ್ಥಾನದಲ್ಲಿ ಕೂಡಿಸಿದ್ದೇ ತಪ್ಪು.

ಕುರಿಗಾಹಿಗಳು, ಗೋವಳರು, ವನವಾಸಿಗಳು ಸಸ್ಯಗಳ ಹೆಸರನ್ನೂ ರೂಪವನ್ನೂ ಬಲ್ಲರು. ಆದರೆ ಹೆಸರು, ರೂಪಗಳನ್ನು ಬಲ್ಲ ಮಾತ್ರಕ್ಕೆ ಅವುಗಳ ಪ್ರಯೋಗವನ್ನು ಬಲ್ಲಂತಾಗದು ಎಂಬ ಅರ್ಥದ ಮಾತು ಚರಕಸಂಹಿತೆಯಲ್ಲಿಯೇ ಇದೆ. ನಮ್ಮ ಶಾಸ್ತ್ರವೇ ಹಾಕಿಕೊಟ್ಟ ಎಲ್ಲೆ ಇದು. ಆದ್ದರಿಂದ ಮೂರು ದಿನ ಮೀರಿದ ಜ್ವರ, ಎದೆನೋವು, ಉಸಿರಾಟದ ಕಷ್ಟ, ಹಾವಿನ ಕಡಿತ, ಕಾಮಾಲೆ, ಗರ್ಭಿಣಿಯರ ತಲೆಸುತ್ತು ಅಥವಾ ಬಾವು, ಮಲದಲ್ಲಿ ರಕ್ತ ಇವುಗಳಿಗೆ ಹಿತ್ತಲನ್ನು ಹುಡುಕದೆ ಆಸ್ಪತ್ರೆಗೆ ಧಾವಿಸಬೇಕು. ಮಕ್ಕಳ ಭೇದಿಗೆ ಓ.ಆರ್.ಎಸ್. ದ್ರಾವಣವೇ ಮೊದಲು.

ಸಂಪೂರ್ಣ ಸ್ವಾವಲಂಬನೆ ಹಿಂದಿನವರಿಗೂ ಇರಲಿಲ್ಲ. ಎಲ್ಲ ಬೆಳೆದವನೂ ಉಪ್ಪನ್ನು ಕೊಂಡೇ ತರುತ್ತಿದ್ದ. ಇಂದಿಗೂ ಅಯೋಡಿನ್ ಬೆರೆಸಿದ ಉಪ್ಪನ್ನು ಅಂಗಡಿಯಿಂದಲೇ ತರಬೇಕು. ಗಳಗಂಡ ರೋಗದಿಂದ ಅದು ನಮ್ಮನ್ನು ಕಾಯುತ್ತದೆ. ತನ್ನ ಕೈಲಾದುದನ್ನು ತಾನೇ ಮಾಡಿಕೊಳ್ಳುವುದು, ಆಗದುದಕ್ಕೆ ಸಕಾಲದಲ್ಲಿ ಬಲ್ಲವರ ಬಳಿಗೆ ಹೋಗುವುದು, ಹೆಚ್ಚಾದುದನ್ನು ನೆರೆಯವರೊಡನೆ ಹಂಚಿಕೊಳ್ಳುವುದು, ಈ ಮೂರೂ ಸೇರಿದಾಗ ಸ್ವಾವಲಂಬನೆ ಪೂರ್ಣವಾಗುತ್ತದೆ. ಕಾಯಕ, ದಾಸೋಹಗಳನ್ನು ಬಲ್ಲ ನಮಗೆ ಇದು ಹೊಸ ಮಾತೇನೂ ಅಲ್ಲ.

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಪರೀಕ್ಷೆಗಳನ್ನು ಮಾಡಿಸಿದೆ. ಜಂತುಹುಳುವಿನ ಮಾತ್ರೆ, ಕಬ್ಬಿಣದ ಮಾತ್ರೆಗಳು ಆರಂಭವಾದವು. ಮುಂದಿನ ಸಲ ಬಂದಾಗ ಔಷಧಚೀಟಿಯೊಂದಿಗೆ ನುಗ್ಗೆಬೀಜದ ಚಿಕ್ಕ ಪೊಟ್ಟಣವನ್ನೂ ಕೊಟ್ಟೆ. ಅವರ ಮಾವನವರು ಹಿತ್ತಲಿನ ಮೂಲೆಯಲ್ಲಿ ನಾಲ್ಕು ಫರಸಿಕಲ್ಲುಗಳನ್ನು ಎಬ್ಬಿಸಿ ಗುಂಡಿ ತೋಡಿದರು. ಬರುವ ವರ್ಷ ಇನ್ನಷ್ಟು ಕಲ್ಲು ಎದ್ದು ಎರಡು ಮಡಿಗಳಾದವು. ಆರು ತಿಂಗಳಿಗೆ ಹಿಮೋಗ್ಲೋಬಿನ್ 11.8ಕ್ಕೆ ಬಂದಿತು. ವೈದ್ಯರ ಸಲಹೆಯಂತೆ ಇನ್ನೂ ಮೂರು ತಿಂಗಳು ಮಾತ್ರೆ ಮುಂದುವರಿಸಿ ನಿಲ್ಲಿಸಿದರು. ಅನಂತರ ಒಂದು ವರ್ಷ ಕಳೆದು ನೋಡಿದಾಗ 12.3 ಇತ್ತು. ಏರಿಸಿದ್ದು ಮಾತ್ರೆ, ಏರಿದ್ದನ್ನು ಇಳಿಯಗೊಡದೆ ಕಾಯ್ದದ್ದು ಆ ಹಿತ್ತಲು ಎಂಬುದು ನನ್ನ ನಂಬಿಕೆ.

ಅದೇ ಮಳೆಗಾಲದಲ್ಲಿ ನನ್ನ ಮನೆಯಲ್ಲಿಯೂ ನುಗ್ಗೆ ನೆಟ್ಟೆ. ಈಗ ಚೀಟಿಯ ಕೊನೆಯ ಸಾಲನ್ನು ಬರೆಯುವ ಮೊದಲು ರೋಗಿಗಳನ್ನು ಒಂದು ಪ್ರಶ್ನೆ ಕೇಳುತ್ತೇನೆ: “ನಿಮ್ಮ ಮನೆಯಲ್ಲಿ ಮಣ್ಣು ಎಷ್ಟು ಉಳಿದಿದೆ?” ಓದುಗ ಬಂಧುಗಳೂ ಇಂದು ಸಂಜೆ ಒಮ್ಮೆ ಹಿತ್ತಲಬಾಗಿಲು ತೆರೆದು ನೋಡಿರಿ. ನಾಲ್ಕು ಕಲ್ಲು ಎಬ್ಬಿಸುವಷ್ಟು ಜಾಗ ಕಂಡರೆ ಮುಂದಿನ ಮೃಗಶಿರಾ ಮಳೆಗೆ ಒಂದು ಬೀಜ ಊರಿರಿ. ಎಲ್ಲರಿಗೂ ಆರೋಗ್ಯವಾಗಲಿ.